ಮೂವತ್ತು ಜನರ ಏಸಿ

ನಮ್ಮ ಭಾವ ಸುಳ್ಳು ಹೇಳುವ ಪೈಕಿಯಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಎದೆ ತಟ್ಟಿಕೊಂಡು ಹೇಳುತ್ತೇನೆ. ಸುಳ್ಳು ಹೇಳುವುದಕ್ಕೆ ಬೇಕಾದ ಬುದ್ಧಿ, ಜ್ಞಾಪಕಶಕ್ತಿ ಎರಡೂ ಅವರಲ್ಲಿಲ್ಲ. ಆದರೆ ಯಾರಾದರೂ ಅವರೆದುರು ಜಂಭ ಕೊಚ್ಚಿಕೊಳ್ಳುತ್ತ ನಿಂತರೆ ಸಾಕು, ಅವರ ಬಾಯಿಂದ ಅವರಿಗೇ ಗೊತ್ತಿಲ್ಲದ ಸಂಗತಿಗಳು ಹೊರಬೀಳುತ್ತವೆ. ಹೊಸ ಮನೆಗೆ ಏಸಿ ಆರಿಸುವಾಗ ಆದದ್ದೂ ಇಷ್ಟೇ. ಆ ಒಂದು ಮಾತಿನಿಂದ ಇಡೀ ಕಟ್ಟಡದ ನೆಮ್ಮದಿ ಹಾಳಾಯಿತು, ವಿದ್ಯುತ್ ಕಚೇರಿಯ ಜೀಪು ಮನೆ ಬಾಗಿಲಿಗೆ ಬಂತು, ನನ್ನ ಅಕ್ಕ ಹಾಸಿಗೆ ಸುತ್ತಿಕೊಂಡು ಕೇಕುಗಳ ಜೊತೆ ಮಲಗಲು ಹೊರಟಳು.

ಕೇಕುಗಳ ವಿಷಯ ಮೊದಲು ಹೇಳಿಬಿಡುತ್ತೇನೆ. ಅಕ್ಕ ಒಂದು ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ. ಸೂರ್ಯ ಏಳುವ ಮೊದಲೇ ಹೋಗಿ ದೊಡ್ಡ ಒಲೆಯ ಬಾಯಿಗೆ ಬ್ರೆಡ್ಡಿನ ತಟ್ಟೆಗಳನ್ನು ತಳ್ಳುವುದು, ಎಳೆಯುವುದು, ಮತ್ತೆ ತಳ್ಳುವುದು. ಮಧ್ಯಾಹ್ನದ ಹೊತ್ತಿಗೆ ಅವಳೂ ಬೆಂದಿರುತ್ತಾಳೆ. ಹಳೆಯ ಬಾಡಿಗೆ ಮನೆಗೆ ತಗಡಿನ ಸೂರು. ಅಂದರೆ ಅಲ್ಲಿ ಒಲೆಯ ಮುಂದೆ, ಇಲ್ಲಿ ಒಲೆಯ ಒಳಗೆ. ಬೇಸಿಗೆ ಬಂತೆಂದರೆ ಮೈಯೆಲ್ಲ ಬೆವರುಸಾಲೆ, ರಾತ್ರಿಯೆಲ್ಲ ಒದ್ದೆ ಟವೆಲ್ಲು. ನಿದ್ದೆಯಂತೂ ಕನಸು. ಸಾಲಸೋಲ ಮಾಡಿ ಮೂರನೇ ಮಹಡಿಯಲ್ಲಿ ಸ್ವಂತದ್ದೊಂದು ಮನೆ ಕೊಂಡಾಗ ಅವಳು ಭಾವನ ಹತ್ತಿರ ಕೇಳಿದ್ದು ಒಂದೇ.

"ರೀ, ನಂಗೆ ಸೋಫಾ ಬೇಡ, ಪರದೆ ಬೇಡ. ಮಲಗೋ ಕೋಣೆಗೆ ಒಂದು ಏಸಿ ಹಾಕ್ಸಿಕೊಡಿ. ಒಂದು ಸಂಜೆ ನಾನು ಹಾಯಾಗಿ ನಿದ್ದೆ ಮಾಡ್ಬೇಕು, ಅಷ್ಟೇ."

"ಹಾಕ್ಸಿದೆ ಅಂತ್ಲೇ ತಿಳ್ಕೋ," ಎಂದರು ಭಾವ. ಆಗ ಅವರ ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ.

ಏಸಿ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆ ಎದ್ದದ್ದೇ ತಡ, ಭಾವ ಊರೆಲ್ಲ ಸಲಹೆ ಕೇಳಿದರು. ಅವರಿಗೆ ಕೆಲಸ ಬಸ್ ನಿಲ್ದಾಣದಲ್ಲಿ, ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ. ಕೊಡೆ ಕೇಳಿಕೊಂಡು ಬಂದವರಿಗೆ ಕೊಡೆ ಕೊಡುವ ಮುನ್ನ ಏಸಿಯ ಬಗ್ಗೆ ಒಂದು ಪ್ರಶ್ನೆ. ಒಬ್ಬರು ಒಂದು ಟನ್ ಸಾಕು ಎಂದರು, ಇನ್ನೊಬ್ಬರು ಎರಡಕ್ಕಿಂತ ಕಮ್ಮಿ ಹಾಕಿಸಿದರೆ ಅದು ಏಸಿಯೇ ಅಲ್ಲ ಎಂದರು. ಟನ್ ಅಂದರೆ ತೂಕವಲ್ಲ, ತಂಪು ಮಾಡುವ ಶಕ್ತಿ ಎಂಬುದು ನಮ್ಮ ಭಾವನಿಗೂ ಗೊತ್ತಿತ್ತು. ಆ ಮಟ್ಟದ ತಮಾಷೆಯನ್ನು ನನ್ನಿಂದ ನಿರೀಕ್ಷಿಸಬೇಡಿ. ಕೊನೆಗೆ ಕೊಡೆಯನ್ನೂ ತಗೊಳ್ಳದೆ ಓಡಿಹೋದ ಒಬ್ಬ ಪುಣ್ಯಾತ್ಮ, "ಅಂಗಡಿಯೋರನ್ನೇ ಕರೀರಿ ಸ್ವಾಮಿ, ಅವರೇ ಬಂದು ಅಳತೆ ಮಾಡ್ತಾರೆ," ಎಂದನಂತೆ. ಅಂಗಡಿಯವರನ್ನು ಕರೆದದ್ದಾಯಿತು.

ಅಳತೆಯವರು ಬಂದ ದಿನ ಅಕ್ಕ ಬೇಕರಿಯಲ್ಲಿದ್ದಳು. ನಾನಿದ್ದೆ. ನಾನು ಯಾವಾಗಲೂ ಇರುತ್ತೇನೆ. ನನ್ನ ರೂಮು ಹಿಂದಿನ ಬೀದಿಯಲ್ಲಿ, ಊಟ ಅಕ್ಕನ ಮನೆಯಲ್ಲಿ. ಅಳತೆಯವರು ಸೊಂಟಕ್ಕೆ ಟೇಪು ಸಿಕ್ಕಿಸಿಕೊಂಡು ನೇರ ಮಲಗುವ ಕೋಣೆಗೆ ಹೊರಟಿದ್ದರು. ಎಲ್ಲವೂ ಸುಸೂತ್ರವಾಗಿ ನಡೆದುಹೋಗುತ್ತಿತ್ತು. ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು.

ಎದುರು ಮನೆಯವರು ಕಂಟ್ರಾಕ್ಟರು. ಅವರ ಮನೆಯಲ್ಲಿ ಕೋಣೆಗೊಂದು ಏಸಿ, ಅಡುಗೆಮನೆಗೂ ಒಂದು. ಅವರು ಹೊಸ್ತಿಲಾಚೆ ನಿಂತು, ಕೈಕಟ್ಟಿಕೊಂಡು, ನಮ್ಮ ಖಾಲಿ ಹಾಲನ್ನು ಒಮ್ಮೆ ನೋಡಿ, "ಹಾಲ್‌ಗೆ ಹಾಕ್ಸಲ್ವಾ?" ಎಂದರು.

"ಸದ್ಯಕ್ಕೆ ಮಲಗೋ ಕೋಣೆಗೆ," ಎಂದರು ಭಾವ.

"ಹೌದೌದು. ಜನ ಬರೋ ಮನೆಗಾದ್ರೆ ಹಾಲ್‌ಗೆ ಬೇಕಾಗತ್ತೆ. ನಮ್ಮಲ್ಲಿ ನೋಡಿ, ದಿನಾ ಹದಿನೈದು ಜನಕ್ಕೆ ಮೋಸ ಇಲ್ಲ. ನಿಮಗೇನು ಬಿಡಿ, ಆರಾಮ."

ಆ 'ಆರಾಮ' ಎಂಬ ಮಾತು ಭಾವನ ಕಿವಿಯಿಂದ ಒಳಗಿಳಿದು ಎಲ್ಲೋ ಚುಚ್ಚಿದ್ದು ನನಗೆ ಕಣ್ಣಿಗೆ ಕಂಡಿತು. ಅವರ ಕಿವಿಯ ತುದಿ ಕೆಂಪಾಯಿತು. "ಬನ್ನಿ ಸಾರ್," ಎಂದು ಅಳತೆಯವರ ತೋಳು ಹಿಡಿದು ಮಲಗುವ ಕೋಣೆಯಿಂದ ಹಾಲಿಗೆ ಎಳೆದು ತಂದರು. "ಹಾಲ್‌ಗೇ ಅಳತೆ ತಗೊಳ್ಳಿ."

ಅಳತೆಯವರು ಟೇಪು ಹಿಡಿದರು. ಕಿಟಕಿ ಯಾವ ದಿಕ್ಕಿಗೆ, ಮಧ್ಯಾಹ್ನ ಬಿಸಿಲು ಬರುತ್ತದೆಯೇ, ಮೇಲೆ ಇನ್ನೊಂದು ಮನೆಯಿದೆಯೇ ಅಥವಾ ತಾರಸಿಯೇ ಎಂದೆಲ್ಲ ಕೇಳಿದರು. ಕೊನೆಗೆ, "ಈ ಹಾಲ್‌ನಲ್ಲಿ ಸಾಮಾನ್ಯವಾಗಿ ಎಷ್ಟು ಜನ ಇರ್ತಾರೆ ಸಾರ್? ಮನುಷ್ಯ ಸುಮ್ಮನೆ ಕೂತ್ರೂ ಮೈಯಿಂದ ಬಿಸಿ ಬಿಡ್ತಾನೆ. ಅದನ್ನೂ ಲೆಕ್ಕ ಹಿಡೀಬೇಕು," ಎಂದರು.

ಭಾವ ಒಮ್ಮೆ ಬಾಗಿಲ ಕಡೆ ನೋಡಿದರು. ಕಂಟ್ರಾಕ್ಟರು ಕೈಕಟ್ಟಿಕೊಂಡೇ ಇದ್ದರು.

"ಮೂವತ್ತು," ಎಂದರು ಭಾವ.

ನನಗೆ ಕೆಮ್ಮು ಬಂತು.

"ಮೂವತ್ತಾ? ದಿನಾನಾ?"

"ದಿನಾ."

"ಭಾನುವಾರ?"

"ಭಾನುವಾರ ಹೇಳೋಕಾಗಲ್ಲ. ಅವತ್ತು ಜಾಸ್ತಿ."

ಅಳತೆಯವರು ಸುತ್ತ ನೋಡಿದರು. ಹಾಲಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಸ್ಟೂಲು, ಸ್ಟೂಲಿನ ಮೇಲೆ ನಾನು. ಆದರೂ ಗಿರಾಕಿಯ ಮಾತೆಂದರೆ ಮಾತು. ತಲೆಯಲ್ಲೇ ಏನೋ ಗುಣಿಸಿ, ಕೂಡಿಸಿ, ಗೌರವದಿಂದ ಒಂದು ಹೆಜ್ಜೆ ಹಿಂದೆ ಸರಿದು ಹೇಳಿದರು: "ಹಾಗಾದ್ರೆ ಇದಕ್ಕೆ ಮನೆ ಏಸಿ ಸಾಕಾಗಲ್ಲ ಸಾರ್. ಸಭಾಂಗಣಕ್ಕೆ ಹಾಕೋ ಮಷೀನೇ ಬೇಕು. ಅಷ್ಟು ಕರೆಂಟಿಗೆ ವಿದ್ಯುತ್ ಕಚೇರಿಯ ಒಪ್ಪಿಗೆನೂ ಬೇಕು. ನಾವೇ ತಿಳಿಸ್ತೀವಿ, ನೀವೇನೂ ಓಡಾಡ್ಬೇಡಿ."

"ತಿಳಿಸಿ, ತಿಳಿಸಿ," ಎಂದರು ಭಾವ. ಕಂಟ್ರಾಕ್ಟರು ಕೈ ಬಿಚ್ಚಿ, ಮುಖ ಹುಳ್ಳಗೆ ಮಾಡಿಕೊಂಡು ಒಳಗೆ ಹೋದರು. ಅವರ ಬಾಗಿಲು ಮುಚ್ಚಿದ ಸದ್ದು ಭಾವನಿಗೆ ಎಷ್ಟು ಹಿತವಾಗಿತ್ತೆಂದರೆ, ಅಳತೆಯವರನ್ನು ಲಿಫ್ಟಿನವರೆಗೂ ಬಿಟ್ಟುಬಂದರು.

"ಭಾವ, ಮೂವತ್ತು ಜನ ಯಾರು?" ಎಂದೆ ನಾನು.

"ಬಾಯಿಗೆ ಬಂತಪ್ಪ. ನಾಳೆ ಫೋನ್ ಮಾಡಿ ಸರಿ ಮಾಡ್ತೀನಿ. ಅಕ್ಕಂಗೆ ಹೇಳ್ಬೇಡ."

ನಾಳೆ ಎನ್ನುವುದು ನಮ್ಮ ಭಾವನ ಜೀವನದಲ್ಲಿ ಬಹಳ ಉಪಯುಕ್ತವಾದ ದಿನ. ಅದು ಬರುವುದೇ ಇಲ್ಲ. ಅದಕ್ಕೆ ಮೊದಲು ಬಂದವರು ಕಟ್ಟಡದ ಸೆಕ್ರೆಟರಿ.

ಅವರು ನಿವೃತ್ತ ಡ್ರಿಲ್ ಮಾಸ್ತರು. ನಿವೃತ್ತರಾಗಿದ್ದು ಶಾಲೆಯಿಂದ ಮಾತ್ರ. ಬಾಗಿಲಲ್ಲಿ ನೆಟ್ಟಗೆ ನಿಂತು, "ಮೂವತ್ತು ಜನ! ದಿನಾ! ಲಿಫ್ಟಿನ ಗತಿ ಏನು? ನೀರಿನ ಟ್ಯಾಂಕಿನ ಗತಿ ಏನು?" ಎಂದು ಕೇಳಿದರು.

ಎದುರು ಮನೆಯ ಬಾಗಿಲು ಒಂದು ಗೇಣು ತೆರೆದಿತ್ತು. ಭಾವ ಅದನ್ನು ನೋಡಿದರು, ನಾನೂ ನೋಡಿದೆ. ನಿಜ ಹೇಳುವ ಅವಕಾಶ ಅಲ್ಲಿಗೆ ಕೈಜಾರಿತು.

"ಮೆಟ್ಟಿಲಲ್ಲೇ ಬರೋಕೆ ಹೇಳ್ತೀನಿ ಸಾರ್," ಎಂದರು ಭಾವ.

"ಅವರೆಲ್ಲ ಯಾಕೆ ಬರ್ತಾರೆ?"

"ಸುಮ್ನೆ."

"ಸುಮ್ನೆ ಯಾರ್ರೀ ಬರ್ತಾರೆ ಮೂರನೇ ಮಹಡಿಗೆ?"

"ನನ್ನ ಮೇಲಿನ ಪ್ರೀತಿಗೆ."

ಈ ಉತ್ತರದಿಂದ ಸೆಕ್ರೆಟರಿಯವರ ಅನುಮಾನ ಗಟ್ಟಿಯಾಯಿತು. ಅಂದು ಸಂಜೆಯೊಳಗೆ ಕಟ್ಟಡದಲ್ಲಿ ನಾಲ್ಕು ಅಭಿಪ್ರಾಯಗಳು ಹುಟ್ಟಿಕೊಂಡವು. ಭಾವ ಟ್ಯೂಷನ್ ನಡೆಸುತ್ತಾರೆ ಎಂದರು ಕೆಲವರು. ಭಾವ ಮಾತಾಡುವುದನ್ನು ಒಮ್ಮೆ ಕೇಳಿದ್ದವರು ಅದನ್ನು ನಂಬಲಿಲ್ಲ. ಚೀಟಿ ವ್ಯವಹಾರ ಎಂದರು ಮತ್ತೆ ಕೆಲವರು. ವಧೂವರರ ಕೇಂದ್ರ ಎಂದು ಮೊದಲ ಮಹಡಿಯವರ ಊಹೆ. ಅವರ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಬಸ್ ನಿಲ್ದಾಣದಲ್ಲಿ ಕಳೆದುಹೋದ ವಸ್ತುಗಳನ್ನು ಮನೆಯಲ್ಲಿ ಮಾರುತ್ತಾರೆ ಎಂದು ಹೇಳಿದವರು ಯಾರೋ ನನಗೆ ಈಗಲೂ ಗೊತ್ತಿಲ್ಲ, ಗೊತ್ತಾದರೆ ಬಿಡುವುದಿಲ್ಲ.

ಮರುದಿನ ಕೆಳಗಿನ ಮನೆಯ ನರ್ಸು ಬಂದರು. ಅವರದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಹಗಲು ನಿದ್ದೆ. ಕಣ್ಣುಗಳು ಕೆಂಡದಂತೆ ಕೆಂಪಗಿದ್ದವು.

"ನಿಮ್ಮ ಮೂವತ್ತು ಜನ ಮಧ್ಯಾಹ್ನ ಧಡಧಡ ನಡೆದಾಡ್ತಾರಲ್ಲ, ನಾನು ನಿದ್ದೆ ಮಾಡೋದು ಬೇಡ್ವಾ?"

ಮಧ್ಯಾಹ್ನ ನಮ್ಮ ಮನೆಗೆ ಬೀಗ. ಒಂದು ಜಿರಳೆ ಕೂಡ ಓಡಾಡುವುದಿಲ್ಲ. ಭಾವ ಬಾಯಿ ತೆರೆದರು. ಎದುರಿನ ಬಾಗಿಲು ಕಿರ್ರೆಂದಿತು. ಭಾವ ಬಾಯಿ ಮುಚ್ಚಿ, ಮತ್ತೆ ತೆರೆದು, "ತಪ್ಪಾಯ್ತಮ್ಮ. ಮೆತ್ತಗೆ ನಡೀರಿ ಅಂತ ಹೇಳ್ತೀನಿ ಅವರಿಗೆ," ಎಂದರು.

ಎರಡು ದಿನ ಬಿಟ್ಟು ನರ್ಸು ಮೆಟ್ಟಿಲಲ್ಲಿ ಸಿಕ್ಕಿ, "ಈಗ ಪರ್ವಾಗಿಲ್ಲ, ಥ್ಯಾಂಕ್ಸ್," ಎಂದರು. ಕಟ್ಟಡದ ವಾಚ್‌ಮನ್ ಮಾತ್ರ, "ನಾನು ಎಷ್ಟು ಹೇಳಿದ್ರೂ ಅವ್ರು ಲಿಫ್ಟಲ್ಲೇ ಹೋಗ್ತಾರೆ ಸಾರ್, ಅದರಲ್ಲೂ ಆ ದಪ್ಪಗಿರೋರು," ಎಂದು ದೂರು ಹೇಳಿದ. ಇಲ್ಲದ ಜನರಲ್ಲಿ ದಪ್ಪಗಿರುವವರು ಯಾರೆಂದು ಭಾವನೂ ನಾನೂ ರಾತ್ರಿ ಊಟ ಮಾಡುವಾಗ ಯೋಚಿಸಿದೆವು. ಅಕ್ಕ ಬೆವರು ಒರೆಸಿಕೊಳ್ಳುತ್ತ, "ಏಸಿ ಯಾವಾಗ ಬರತ್ತೆ?" ಎಂದಳು. "ಬರತ್ತೆ, ಬರತ್ತೆ," ಎಂದರು ಭಾವ, ಅನ್ನ ನೋಡುತ್ತ.

ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ಭಾವನ ಅಕ್ಕ ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ನಮ್ಮ ಕಂಟ್ರಾಕ್ಟರ ಹೆಂಡತಿ. ಬಾಯಲ್ಲಿ ಹತ್ತಿ ಇದ್ದರೂ ಭಾವನ ಅಕ್ಕ ಅಲ್ಲಿಂದಲೇ ತಮ್ಮನಿಗೆ ಫೋನು ಮಾಡಿದಳು. ಹತ್ತಿಯ ಮೂಲಕವೂ ಮಾತು ಸ್ಪಷ್ಟವಾಗಿತ್ತು.

"ಊರ ಮೂವತ್ತು ಜನಕ್ಕೆ ನಿನ್ನ ಮನೇಲಿ ಜಾಗ ಇದೆ, ಒಡಹುಟ್ಟಿದ ನಂಗಿಲ್ಲ! ಹೊಸ ಮನೆ ಹೇಗಿದೆ ಅಂತ ಒಂದ್ಸಲ ಕರೆದ್ಯೇನೋ? ಎತ್ತಿ ಆಡಿಸಿದ ಕೈ ಕಣೋ ಇದು!"

"ಅಕ್ಕಾ, ಅಲ್ಲಿ ಯಾರೂ..."

"ಮಾತಾಡ್ಬೇಡ. ಈ ಭಾನುವಾರ ನಾವೆಲ್ಲ ಬರ್ತಿದ್ದೀವಿ. ನನ್ನ ಮಕ್ಕಳು, ಸೊಸೆಯರು, ಸೊಸೆಯರ ಕಡೆಯೋರು. ಏಸಿ ಕೆಳಗೇ ಕೂರ್ತೀವಿ."

ಅದೇ ದಿನ ಬೇಕರಿಯ ಯಜಮಾನರು ಒಲೆಯ ಹತ್ತಿರ ಬಂದು ನನ್ನ ಅಕ್ಕನಿಗೆ, "ಏನಮ್ಮಾ, ನಿಮ್ಮನೇಲಿ ದಿನಾ ಮೂವತ್ತು ಜನಕ್ಕೆ ಉಪಚಾರವಂತೆ. ಒಂದು ಬನ್ನಾದ್ರೂ ನಮ್ಮಲ್ಲಿ ತಗೋಬಾರ್ದಾ?" ಎಂದು ನೊಂದುಕೊಂಡರಂತೆ.

ಅಕ್ಕ ಮೈಮೇಲಿನ ಮೈದಾ ಹಿಟ್ಟನ್ನೂ ಕೊಡವದೆ ಮನೆಗೆ ಬಂದಳು. ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ. ಭಾವನನ್ನು ನೋಡಿದಳು. ಅವರಿಗೆ ನೋಡಲು ಗೋಡೆ ಉಳಿದಿರಲಿಲ್ಲ, ಇದ್ದದ್ದನ್ನೆಲ್ಲ ಒಪ್ಪಿಸಿದರು. ಅಕ್ಕ ಏನೋ ಹೇಳಬೇಕೆನ್ನುವಷ್ಟರಲ್ಲಿ ಭಾವನ ಫೋನು ಹೊಡೆದುಕೊಂಡಿತು. ಗಾಬರಿಯಲ್ಲಿ ಅವರು ಸ್ಪೀಕರ್ ಒತ್ತಿಬಿಟ್ಟರು. ಅಂಗಡಿಯ ಅಳತೆಯವರು.

"ಸಾರ್, ವಿದ್ಯುತ್ ಕಚೇರಿಯೋರು ತಡೆ ಹಿಡಿದಿದ್ದಾರೆ. ದಿನಾ ಮೂವತ್ತು ಜನ ಸೇರೋ ಜಾಗ ಮನೆ ಅಲ್ಲ, ವ್ಯಾಪಾರದ ಜಾಗ ಅಂತಾರೆ. ಭಾನುವಾರ ಬೆಳಿಗ್ಗೆ ತಪಾಸಣೆಗೆ ಬರ್ತಾರಂತೆ. ಹೌದು ಅಂತ ಕಂಡ್ರೆ ಏಸಿ ಇರ್ಲಿ, ಇರೋ ಕನೆಕ್ಷನ್ನೂ ಕಟ್ ಮಾಡ್ತಾರೆ. ಆಮೇಲೆ ಅರ್ಜಿ ಬರೆದು, ಓಡಾಡಿ, ಮತ್ತೆ ಕೊಡೋ ಹೊತ್ತಿಗೆ ಬೇಸಿಗೆ ಮುಗಿದಿರತ್ತೆ. ಹುಷಾರಾಗಿರಿ ಸಾರ್."

ಫೋನು ಸುಮ್ಮನಾಯಿತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಮೂವರೂ ಅದನ್ನು ನೋಡಿದೆವು, ಅದು ಇನ್ನೆಷ್ಟು ದಿನವೋ ಎಂಬಂತೆ.

ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಹೇಳಿದಳು: "ದಿನಾ ಬೆಂಕಿ ಮುಂದೆ ನಿಂತ್ಕೊಳ್ಳೋಳು ನಾನು. ಒಂದು ತಣ್ಣನೆ ಕೋಣೆ ಕೇಳ್ದೆ. ನೀವು ಎದುರು ಮನೆಯೋರಿಗೆ ಉತ್ತರ ಕೊಡೋಕೆ ಹೋಗಿ ಫ್ಯಾನೂ ಕಳೀತಿದ್ದೀರಿ."

ಎದ್ದು ಹಾಸಿಗೆ ಸುತ್ತತೊಡಗಿದಳು.

"ಎಲ್ಲಿಗೆ?" ಎಂದರು ಭಾವ.

"ಬೇಕರಿಗೆ. ಕೇಕ್ ಇಡೋ ಕೋಣೇಲಿ ಮಲಗ್ತೀನಿ. ಅಲ್ಲಿ ಕೇಕಿಗಾದ್ರೂ ಏಸಿ ಇದೆ."

ಆ ಹಾಸಿಗೆಯ ಒಂದು ತುದಿಯನ್ನು ಭಾವ, ಇನ್ನೊಂದು ತುದಿಯನ್ನು ಅಕ್ಕ ಹಿಡಿದು ಬಹಳ ಹೊತ್ತು ಎಳೆದಾಡಿದರು. ಕೊನೆಗೆ ನಾನು ಮಧ್ಯೆ ಕೂತುಬಿಟ್ಟದ್ದರಿಂದ ಹಾಸಿಗೆ ಮನೆಯಲ್ಲೇ ಉಳಿಯಿತು.

"ಬಂದೋರಿಗೆ ಸುಮ್ನೆ ನಿಜ ಹೇಳಿ," ಎಂದಳು ಅಕ್ಕ.

"ನಾನು ಹೇಳಿದ್ರೆ ನಂಬ್ತಾರಾ? ಸಾಕ್ಷಿ ಬೇಕು," ಎಂದರು ಭಾವ. ಅವರ ಮುಖದಲ್ಲಿ ಒಂದು ಬೆಳಕು ಬಂತು. ನಮ್ಮ ಭಾವನ ಮುಖದಲ್ಲಿ ಬೆಳಕು ಬಂದರೆ ನಾನು ಚಪ್ಪಲಿ ಹುಡುಕುತ್ತೇನೆ. ಆದರೆ ಅಂದು ನನ್ನ ಚಪ್ಪಲಿ ಹಾಸಿಗೆಯ ಕೆಳಗೆ ಸೇರಿತ್ತು.

ಶನಿವಾರ ಸಂಜೆ ಭಾವ ಮನೆಮನೆ ಹತ್ತಿ ಇಳಿದರು. ಪ್ರತಿ ಬಾಗಿಲಲ್ಲೂ ಕೈಮುಗಿದು ಒಂದೇ ಮಾತು: "ನಮ್ಮ ಮನೆಗೆ ಯಾರೂ ಬರಲ್ಲ ಅಂತ ಹೇಳೋಕೆ ದಯವಿಟ್ಟು ನಾಳೆ ಎಲ್ಲರೂ ಬನ್ನಿ." ಅದರ ಅರ್ಥವೇನೆಂದು ಯಾರೂ ಕೇಳಲಿಲ್ಲ. ಆ ಮನೆಯೊಳಗೆ ಏನಿದೆ ಎಂದು ನೋಡುವ ಆಸೆ ಎಲ್ಲರಿಗೂ ಇತ್ತು.

ಭಾನುವಾರ ಬೆಳಿಗ್ಗೆ ಮೊದಲು ಬಂದವರು ಸೆಕ್ರೆಟರಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಅವರ ಹಿಂದೆ ನಾಲ್ಕೂ ಮಹಡಿಯವರು. ನರ್ಸು ಪಾಳಿ ಮುಗಿಸಿ ನೇರ ಬಂದರು. ವಧೂವರರ ಕೇಂದ್ರ ಎಂದುಕೊಂಡಿದ್ದವರು ಮಗಳಿಗೆ ಹೊಸ ಬಟ್ಟೆ ಹಾಕಿಸಿಕೊಂಡು ಬಂದರು. ಬೇಕರಿಯಿಂದ ಅಕ್ಕನ ಜೊತೆಯವರು, "ನಮ್ಮೋಳನ್ನ ಕತ್ತಲಲ್ಲಿ ಕೂರಿಸ್ತಾರಾ, ನೋಡೋಣ," ಎಂದು ತೋಳೇರಿಸಿಕೊಂಡು ಬಂದರು. ಭಾವನ ಅಕ್ಕ ಹೇಳಿದಂತೆಯೇ ಮಕ್ಕಳು, ಸೊಸೆಯರು, ಸೊಸೆಯರ ಕಡೆಯವರ ಸಮೇತ ಬಂದು, "ಎಲ್ಲೋ ಏಸಿ?" ಎಂದು ಗೋಡೆಗಳನ್ನೆಲ್ಲ ನೋಡಿದಳು. ಕೊನೆಗೆ, ತಾನು ಬರದಿದ್ದರೆ ಚೆನ್ನಾಗಿರುವುದಿಲ್ಲವೆಂದು ಕಂಟ್ರಾಕ್ಟರೂ ಹೊಸ್ತಿಲು ದಾಟಿದರು. ಕೂರಲು ಜಾಗವಿರಲಿಲ್ಲ. ನಿಲ್ಲಲೂ ಇರಲಿಲ್ಲ. ಬಂದವರೆಲ್ಲ ಮೈಯಿಂದ ಬಿಸಿ ಬಿಡುತ್ತಿದ್ದರು, ಅಳತೆಯವರು ಹೇಳಿದ ಹಾಗೆಯೇ.

ಆಗ ವಿದ್ಯುತ್ ಕಚೇರಿಯ ಇನ್‌ಸ್ಪೆಕ್ಟರ್ ಮೇಡಂ ಬಂದರು. ಲಿಫ್ಟು ಭಾವನ ಅಕ್ಕನ ಪರಿವಾರವನ್ನು ಹೊತ್ತು ತಂದು ಸುಸ್ತಾಗಿ ನಿಂತುಹೋಗಿತ್ತು. ಮೆಟ್ಟಿಲು ಹತ್ತಿ ಬಂದ ಮೇಡಂ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ ತಲೆಗಳನ್ನು ಎಣಿಸಿದರು.

"ಮೂವತ್ತೆರಡು," ಎಂದರು.

"ನನ್ನ ಮೊಮ್ಮಗನ್ನ ಬಿಟ್ಬಿಡಿ, ಅವನು ಕಂಕುಳಲ್ಲಿದ್ದಾನೆ," ಎಂದಳು ಭಾವನ ಅಕ್ಕ.

"ಮೂವತ್ತೊಂದು. ಮನೆ ಯಜಮಾನರು ಯಾರು?"

ಜನರ ನಡುವಿನಿಂದ ಒಂದು ಕೈ ಮೇಲೆದ್ದಿತು. ಕೈಯ ಹಿಂದೆ ಸ್ವಲ್ಪ ಹೊತ್ತಿನಲ್ಲಿ ಭಾವ ಹೊರಬಂದರು. ಅಂಗಿ ಬೆನ್ನಿಗೆ ಅಂಟಿತ್ತು. ಅವರ ಪಕ್ಕೆಗೆ ಕಂಟ್ರಾಕ್ಟರ ಮೊಣಕೈ ತಾಗಿತ್ತು.

"ಮೇಡಂ," ಎಂದರು ಭಾವ, "ನಮ್ಮ ಮನೆಗೆ ಯಾರೂ ಬರಲ್ಲ."

ಮೇಡಂ ಅವರನ್ನು ನೋಡಿದರು. ಆಮೇಲೆ ಹಾಲನ್ನು ನೋಡಿದರು. "ಇವರೆಲ್ಲ ಯಾರು?"

"ಯಾರೂ ಬರಲ್ಲ ಅಂತ ಹೇಳೋಕೆ ಬಂದೋರು."

ಅಕ್ಕ ಹಣೆ ಚಚ್ಚಿಕೊಂಡಳು. ನಾನು ಫ್ಯಾನಿಗೆ ಮನಸ್ಸಿನಲ್ಲೇ ವಿದಾಯ ಹೇಳಿದೆ. ಆದರೆ ಆ ಮೇಡಂ ತಾಳ್ಮೆಯವರು. ಒಬ್ಬೊಬ್ಬರನ್ನೇ ಕೇಳತೊಡಗಿದರು.

"ನೀವು ಇಲ್ಲಿಗೆ ಎಷ್ಟು ಸಲ ಬಂದಿದ್ದೀರಿ?"

"ಬಾಗಿಲವರೆಗೆ ಒಂದು ಸಲ. ಒಳಗೆ ಇದೇ ಮೊದಲು," ಎಂದರು ಸೆಕ್ರೆಟರಿ, ಅಟೆನ್ಷನ್ನಿನಲ್ಲಿ ನಿಂತು.

"ನೀವು?"

"ನಂಗೆ ನಡೆದಾಡೋ ಶಬ್ದ ಕೇಳಿಸ್ತಿತ್ತು," ಎಂದರು ನರ್ಸು.

"ಯಾವಾಗಿಂದ?"

"ಇವರ ಮನೆಗೆ ಮೂವತ್ತು ಜನ ಬರ್ತಾರೆ ಅಂತ ಕೇಳಿದಾಗಿಂದ." ಹೇಳಿದ ಮೇಲೆ ನರ್ಸಿಗೇ ಅದು ವಿಚಿತ್ರವಾಗಿ ಕಂಡಿತು. "ಇವತ್ತು ಮಾತ್ರ ಒಳಗೆ ಬಂದಿದ್ದು. ಮೊದಲ ಸಲ."

ಮೊದಲ ಸಲ, ಮೊದಲ ಸಲ ಎಂದು ಹಾಲಿನ ತುಂಬ ಅದೇ ಉತ್ತರ. ಬಾಗಿಲಲ್ಲಿ ಇಣುಕುತ್ತಿದ್ದ ವಾಚ್‌ಮನ್‌ನನ್ನು ಕೇಳಿದಾಗ, ಆ ದಪ್ಪಗಿರುವವರು ಬೇರೆ ಕಟ್ಟಡಕ್ಕೆ ಹೋಗಿರಬಹುದು ಎಂದು ತಲೆ ಕೆರೆದುಕೊಂಡ. ಒಡಹುಟ್ಟಿದ ಅಕ್ಕ ಕೂಡ, "ನನ್ನನ್ನೇ ಕರೆದಿಲ್ಲ, ಇನ್ಯಾರನ್ನ ಕರೀತಾನೆ!" ಎಂದು ಗುಡುಗಿದಳು. ಯಾವಾಗಲೂ ಬರುವವನು ಎಂದು ಸಿಕ್ಕಿಬಿದ್ದವನು ನಾನೊಬ್ಬನೇ. ಅದೂ ಊಟದ ಹೊತ್ತಿಗೆ ಎಂದು ಅಕ್ಕ ಎಲ್ಲರೆದುರು ಸೇರಿಸಿದಳು, ಅದರ ಅಗತ್ಯವಿರಲಿಲ್ಲ.

ಅಷ್ಟರಲ್ಲಿ ಸೆಕೆಗೆ ಎಲ್ಲರ ಗಂಟಲೂ ಒಣಗಿತ್ತು. "ನೀರು, ನೀರು," ಎಂದು ಗುಜುಗುಜು ಎದ್ದಿತು. ಅಕ್ಕ ಒಳಗಿಂದ ನೀರು ತಂದಳು. ನಾಲ್ಕು ಜನ ಕುಡಿದರು. ಲೋಟ ತೊಳೆದು ಮತ್ತೆ ತಂದಳು, ಮತ್ತೆ ನಾಲ್ಕು ಜನ ಕುಡಿದರು. ಮೇಡಂ ಸರದಿಯ ಕೊನೆಯಲ್ಲಿದ್ದರು. ಕಾದು ಕಾದು, "ಇದೇನ್ರೀ ನಾಲ್ಕ್ನಾಲ್ಕೇ ಜನಕ್ಕೆ?" ಎಂದು ತಾವೇ ಅಡುಗೆಮನೆಗೆ ನುಗ್ಗಿದರು. ಶೆಲ್ಫಿನ ಬಾಗಿಲು ತೆರೆದು ನೋಡಿದರು, ಮುಚ್ಚಿದರು, ಹೊರಗೆ ಬಂದರು.

"ಮನೇಲಿ ಇರೋದೇ ನಾಲ್ಕು ಲೋಟ," ಎಂದರು. "ತಟ್ಟೆ ಮೂರು. ದಿನಾ ಮೂವತ್ತು ಜನ ಬರೋ ಮನೇಲಿ ಇಷ್ಟೇ ಇರಲ್ಲ." ಆಮೇಲೆ ಭಾವನ ಕಡೆ ತಿರುಗಿ, ದನಿ ತಗ್ಗಿಸಿ, "ಯಾಕ್ರೀ ಹಾಗೆ ಹೇಳಿದ್ರಿ?" ಎಂದು ಕೇಳಿದರು.

ಹಾಲಿನಲ್ಲಿದ್ದವರೆಲ್ಲ ಭಾವನ ಕಡೆ ತಿರುಗಿದರು. ಕಂಕುಳಲ್ಲಿದ್ದ ಮೊಮ್ಮಗ ಕೂಡ ಭಾವನನ್ನೇ ನೋಡಿದ.

"ಬರ್ಲಿ ಅಂತ ಆಸೆ ಇತ್ತು ಮೇಡಂ," ಎಂದರು ಭಾವ. "ಹೊಸ ಮನೆ ಅಲ್ವಾ. ನಮ್ಮ ಕೌಂಟರಿಗೆ ದಿನಾ ಎಷ್ಟೋ ಜನ ಬರ್ತಾರೆ, ಎಲ್ಲರೂ ಕೊಡೆ ತಗೊಂಡು ಹೋಗಿಬಿಡ್ತಾರೆ. ಯಾರೂ ಕೂತ್ಕೊಳ್ಳಲ್ಲ."

ನನಗೆ ಅವರ ಮೇಲೆ ಎರಡು ವಾರದಿಂದ ಇದ್ದ ಸಿಟ್ಟೆಲ್ಲ ಇಳಿದುಹೋಯಿತು. ಪಾಪ ಅನ್ನಿಸಿತು, ನಿಜವಾಗಿಯೂ ಪಾಪ ಅನ್ನಿಸಿತು. ಅಕ್ಕ ಸೆರಗಿನ ತುದಿಯನ್ನು ಸುಮ್ಮನೆ ಮಡಚುತ್ತ ನಿಂತಿದ್ದಳು.

ಕಂಟ್ರಾಕ್ಟರು ಗಂಟಲು ಸರಿಮಾಡಿಕೊಂಡರು. "ನನ್ನ ಹದಿನೈದು ಜನಾನೂ ಅಷ್ಟೇ ಬಿಡಿ," ಎಂದರು ಯಾರ ಮುಖವನ್ನೂ ನೋಡದೆ. "ಕೆಲಸದೋರು. ನಾಳೆ ಎಲ್ಲಿಗೆ ಬರ್ಬೇಕು ಅಂತ ಬಾಗಿಲಲ್ಲೇ ಕೇಳ್ಕೊಂಡು ಹೋಗ್ತಾರೆ. ಒಳಗೆ ಏಸಿ ನಾನೊಬ್ಬನೇ ತಗೊಳ್ಳೋದು."

ಮೇಡಂ ಮುಖದ ಬೆವರು ಒರೆಸಿಕೊಂಡು, "ಏಸಿ ನಿಜವಾಗ್ಲೂ ಎಲ್ಲಿಗೆ ಬೇಕಿತ್ತು?" ಎಂದು ಕೇಳಿದರು.

"ಮಲಗೋ ಕೋಣೆಗೆ," ಎಂದಳು ಅಕ್ಕ.

ಮೇಡಂ ಕೋಣೆಯನ್ನು ನೋಡಿ ಬಂದರು. "ಚಿಕ್ಕ ಕೋಣೆ. ಎಷ್ಟು ಜನ ಮಲಗ್ತೀರಿ?"

ಭಾವ ಬಾಯಿ ತೆರೆದರು.

"ಇಬ್ಬರು!" ಎಂದು ಇಡೀ ಹಾಲು ಒಟ್ಟಿಗೆ ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಸೆಕ್ರೆಟರಿ.

"ಇಬ್ಬರಿಗೆ ಅತಿ ಸಣ್ಣ ಮಷೀನೇ ಸಾಕು," ಎಂದರು ಮೇಡಂ. "ಅದಕ್ಕೆ ನಮ್ಮ ಒಪ್ಪಿಗೇನೂ ಬೇಡ, ಏನೂ ಬೇಡ. ಇರೋ ಕನೆಕ್ಷನ್ನಿಗೇ ಹಾಕ್ಸಿಕೊಳ್ಳಿ. ಇದು ಮನೆನೇ. ಈಗ ಯಾರಾದ್ರೂ ನಂಗೊಂದು ಲೋಟ ನೀರು ಕೊಡಿ."

ಉಸ್ಸಪ್ಪಾ! ಅಷ್ಟು ಜನ ಒಟ್ಟಿಗೆ ಉಸಿರು ಬಿಟ್ಟರೆ ಎಷ್ಟು ಬಿಸಿಯಾಗುತ್ತದೆ ಎಂದು ಅಂದು ತಿಳಿಯಿತು. ಅಕ್ಕ ಅಳುತ್ತ ನಕ್ಕಳು. ಬೇಕರಿಯವರು ಚಪ್ಪಾಳೆ ಹೊಡೆದರು. ಭಾವ ಮಾತ್ರ ಗೋಡೆಗೆ ಒರಗಿ, ಹಾಗೇ ಜಾರಿ ನೆಲಕ್ಕೆ ಕೂತರು. ಅವರ ಪಕ್ಕದಲ್ಲಿ, ಇಸ್ತ್ರಿ ಪ್ಯಾಂಟನ್ನೂ ಲೆಕ್ಕಿಸದೆ ಕಂಟ್ರಾಕ್ಟರೂ ಕೂತರು.

ಆ ವಾರವೇ ಮಲಗುವ ಕೋಣೆಗೆ ಏಸಿ ಬಂತು. ಅಂಗಡಿಯಲ್ಲಿದ್ದುದರಲ್ಲಿ ಅದೇ ಚಿಕ್ಕದು. ಅಳತೆಯವರೇ ಬಂದು ಕೂರಿಸಿ, ಹೋಗುವಾಗ ಭಾವನ ಕಡೆ ಒಂದು ಸಲ ವಿಚಿತ್ರವಾಗಿ ನೋಡಿದರು.

ಅಂದು ಸಂಜೆ ಅಕ್ಕ ಕೆಲಸ ಮುಗಿಸಿ, ಅಂಗಡಿ ಬೀದಿ ಸುತ್ತಿಕೊಂಡು, ಕಾಲೆಳೆಯುತ್ತ ಮನೆಗೆ ಬಂದಾಗ ನಾನೂ ಅವಳ ಹಿಂದೆಯೇ ಬಂದೆ. ಹಾಲಿನಲ್ಲಿ ಯಾರೂ ಇರಲಿಲ್ಲ. ಮಲಗುವ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಜೋರು ಮಾತು, ನಗು. ಅಕ್ಕ ಬಾಗಿಲು ತಳ್ಳಿದಳು. ಮಂಚದ ಮೇಲೆ ಕಂಟ್ರಾಕ್ಟರು ಮತ್ತು ಅವರ ಹೆಂಡತಿ, ನೆಲದ ಮೇಲೆ ಸೆಕ್ರೆಟರಿ, ಕಿಟಕಿ ಕಟ್ಟೆಯ ಮೇಲೆ ನರ್ಸು, ಅವರ ಮಧ್ಯೆ ಭಾವ. ಏಸಿ ನೋಡಲು ಬಂದವರು, ಕೂತುಬಿಟ್ಟಿದ್ದರು. ಭಾವನ ಮುಖ ನಾನು ಎಂದೂ ನೋಡದಷ್ಟು ಅರಳಿತ್ತು. ಕರೆಯದೆ, ಅವರಾಗಿಯೇ ಮನೆಗೆ ಬಂದ ಜನ! ಬಂದು ಕೂತ ಜನ!

ಅಕ್ಕ ಬಾಗಿಲಲ್ಲೇ ನಿಂತಳು. ಹಣೆಯಲ್ಲಿ ಬೆವರು, ಕುತ್ತಿಗೆಯಲ್ಲಿ ಬೆವರುಸಾಲೆ. "ಬನ್ನಿ ಬನ್ನಿ, ಒಳಗೆ ಬನ್ನಿ, ತಂಪಾಗಿದೆ," ಎಂದು ಅವಳ ಕೋಣೆಗೆ ಅವಳನ್ನೇ ಕರೆದರು ಕಂಟ್ರಾಕ್ಟರ ಹೆಂಡತಿ.

ಭಾವ ಅಕ್ಕನನ್ನು ನೋಡಿದರು. ಎದ್ದು ನಿಂತರು.

"ಎಲ್ಲರೂ ಏಳಿ," ಎಂದರು.

"ಯಾಕ್ರೀ? ಈಗ ತಾನೆ..." ಎಂದರು ಸೆಕ್ರೆಟರಿ.

"ಏಳಿ ಸಾರ್, ಏಳಿ. ನನ್ನ ಹೆಂಡ್ತಿ ಮಲಗ್ಬೇಕು. ಇದು ಅವಳ ಏಸಿ." ಡ್ರಿಲ್ ಮಾಸ್ತರಿಗೇ ಆಜ್ಞೆ ಕೊಟ್ಟ ಮೊದಲ ಮನುಷ್ಯ ನಮ್ಮ ಭಾವ ಇರಬೇಕು. ಎಲ್ಲರೂ ಎದ್ದರು. ಭಾವ ಹಾಸಿಗೆಯನ್ನು ಕೈಯಿಂದ ಒಮ್ಮೆ ಸವರಿ ಸರಿಮಾಡಿ, ಅಕ್ಕನನ್ನು 'ಹೋಗು' ಎಂಬಂತೆ ನೋಡಿ, ಬಾಗಿಲು ಎಳೆದುಕೊಂಡು ಹೊರಬಂದರು. ಇನ್ನು ಇವರೆಲ್ಲ ಅವರವರ ಮನೆಗೆ ಹೋಗುತ್ತಾರೆ, ಭಾವನ ಆಸೆ ಮುಗಿಯಿತು ಎಂದುಕೊಂಡೆ ನಾನು.

ಯಾರೂ ಹೋಗಲಿಲ್ಲ. ಸೆಕೆಯ ಹಾಲಿನಲ್ಲಿ, ನೆಲದ ಮೇಲೆ, ಕೈಗೆ ಸಿಕ್ಕ ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತರು. ದನಿ ಮಾತ್ರ ತಾನಾಗಿಯೇ ತಗ್ಗಿತು. ಸೆಕ್ರೆಟರಿಯವರು ಪಿಸುಗುಟ್ಟಿದ್ದನ್ನು ನಾನು ಜನ್ಮದಲ್ಲಿ ಮೊದಲ ಬಾರಿ ಕೇಳಿದೆ. ಸ್ವಲ್ಪ ಹೊತ್ತಿಗೆಲ್ಲ ಮುಚ್ಚಿದ ಬಾಗಿಲ ಹಿಂದಿನಿಂದ ಗೊರ್ರ್ ಗೊರ್ರ್ ಎಂದು ಸದ್ದು ಶುರುವಾಯಿತು.

ಕಂಟ್ರಾಕ್ಟರು ಏಸಿಯ ವಿಷಯದಲ್ಲಿ ಅನುಭವಸ್ಥರು. ಕಿವಿಗೊಟ್ಟು ಕೇಳಿ, ಕಳವಳದಿಂದ ಭಾವನ ಕಡೆ ಬಗ್ಗಿದರು. "ಹೊಸ ಮಷೀನು ಇಷ್ಟು ಸದ್ದು ಮಾಡ್ಬಾರ್ದು. ನಾಳೇನೇ ಅಂಗಡಿಯೋರನ್ನ ಕರ್ಸಿ."

"ಮೆತ್ತಗೆ ಮಾತಾಡಿ ಸಾರ್," ಎಂದರು ಭಾವ, ಮುಖದ ತುಂಬ ನಗುತ್ತ. "ಅದು ಮಷೀನಲ್ಲ, ನನ್ನ ಹೆಂಡ್ತಿ."